ಸಿಡುಕನ ಕೈಯಲ್ಲಿ ಮಾತ್ರ ಸ್ಟಾರ್ಟ್ ಆಗುವ ಕಾರು

ಕಾರು ಮತ್ತೆ ಬಂದಿತ್ತು. ಅದೇ ಬೂದು ಬಣ್ಣದ, ಇಪ್ಪತ್ತೆರಡು ವರ್ಷ ಹಳೆಯ, ಹಿಂದಿನ ಎಡಬಾಗಿಲನ್ನು ಒಳಗಿನಿಂದ ಮಾತ್ರ ತೆಗೆಯಬೇಕಾದ ಕಾರು. ಮೂರು ತಿಂಗಳಲ್ಲಿ ಇದು ಐದನೆಯ ಸಲ. ಶೆಡ್ಡಿನ ಬಾಗಿಲಲ್ಲಿ ಅದರ ಮೂತಿ ಕಂಡದ್ದೇ ತಡ, ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರನ್ನು ಮೇಜಿನ ಮೇಲೆ ಕುಕ್ಕಿ, "ಬಂತಪ್ಪಾ ಮಹಾರಾಣಿ ಸವಾರಿ!" ಎಂದ.

ಹೇಳಿದ್ದು ಕಾರಿಗೋ ಕಾರಿನಿಂದ ಇಳಿದವಳಿಗೋ ಗೊತ್ತಾಗುವಂತಿರಲಿಲ್ಲ. ಇಳಿದವಳು ಅವನ ಅಕ್ಕ.

"ಮತ್ತೆ ಕೈಕೊಡ್ತು ಕಣೋ. ಮೂರನೇ ಮನೆ ಮುಂದೆ. ಇಪ್ಪತ್ತು ನಿಮಿಷ ಒದ್ದಾಡಿದೀನಿ."

"ಮತ್ತೆ ಈಗ ಹೇಗೆ ಬಂತು?"

"ಸ್ಟಾರ್ಟ್ ಆಯ್ತು."

"ಏನು ಮಾಡಿದ್ಮೇಲೆ?"

"ಏನೂ ಮಾಡಿಲ್ಲ. ಮೊದಲು ಬೈದೆ. ಆಮೇಲೆ ಅತ್ತೆ. ಆಯ್ತು."

"ಹಾಗಾದ್ರೆ ದಿನಾ ಅಳು. ನನ್ನ ಹತ್ರ ಯಾಕೆ ಬರ್ತೀಯ?" ಎಂದು ಗೊಣಗುತ್ತಾ ಅವನು ಕೈ ಚಾಚಿದ. ಅಕ್ಕ ಕೊಟ್ಟ ಗೊಂಚಲಿನಿಂದ ಕಾರಿನ ಕೀಯನ್ನು ಹೆಬ್ಬೆರಳ ಉಗುರಿನಲ್ಲಿ ಎಬ್ಬಿಸಿ ಬಿಡಿಸಿಕೊಂಡು, ಗೊಂಚಲನ್ನು ಅವಳಿಗೇ ವಾಪಸು ಕೊಟ್ಟು, ಸೀಟಿನಲ್ಲಿ ಕೂತು ತಿರುಗಿಸಿದ. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಆಫ್ ಮಾಡಿ ಮತ್ತೆ ತಿರುಗಿಸಿದ. ಮತ್ತೆ ಆಯಿತು. ಹತ್ತು ಸಲ ಮಾಡಿದರೆ ಹತ್ತು ಸಲವೂ ಆಯಿತು.

"ನಾನೇನು ಸುಳ್ಳು ಹೇಳ್ತೀನಾ?" ಎಂದಳು ಅಕ್ಕ.

"ನಾನು ಹಾಗಂದ್ನಾ?"

"ಮುಖ ಹಾಗಂತಿದೆ."

ಅವನ ಮುಖ ಯಾವಾಗಲೂ ಹಾಗೇ ಇರುತ್ತಿತ್ತು ಬಿಡಿ. ಊರಿನವರು ಅವನಿಗೆ ಸಿಡುಕ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಎದುರಿಗೆ ಮಾತ್ರ 'ಮೇಸ್ತ್ರಿ' ಎನ್ನುತ್ತಿದ್ದರು. ಕೋಪ ಮೂಗಿನ ತುದಿಯಲ್ಲೇ. "ಸ್ವಲ್ಪ ಸದ್ದು ಬರುತ್ತೆ" ಎಂದವರಿಗೆ "ಸ್ವಲ್ಪ ಅಂದ್ರೆ ಎಷ್ಟು? ಎಲ್ಲಿಂದ? ಕಿವಿ ಮನೇಲಿ ಬಿಟ್ಟು ಓಡಿಸ್ತೀರಾ?" ಎಂದು ರೇಗುತ್ತಿದ್ದ. ಆದರೂ ಊರಿನ ಹಳೆಯ ಕಾರುಗಳೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಅವನ ಶೆಡ್ಡಿನ ಮುಂದೆಯೇ. ದರ್ಜಿಯ ಅಂಗಡಿ ಮತ್ತು ಹಳೆಯ ಪೇಪರಿನ ಅಂಗಡಿಯ ನಡುವೆ ತಗಡಿನ ಮಾಡಿನ ಆ ಶೆಡ್ಡು. ಎರಡು ಕಾರು ನಿಂತರೆ ಮೂರನೆಯದಕ್ಕೆ ಜಾಗವಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಸೋದರಮಾವನ ಕೈಕೆಳಗೆ ಗ್ರೀಸು ಬಳಿದುಕೊಂಡವನು ಈಗ ಐವತ್ತನಾಲ್ಕಕ್ಕೆ ಬಂದಿದ್ದ. ಹೊಸ ಕಾರುಗಳನ್ನು ಮುಟ್ಟುತ್ತಿರಲಿಲ್ಲ. ಅವು ತಮ್ಮ ರೋಗವನ್ನು ಕಂಪ್ಯೂಟರಿಗೆ ತಾವೇ ಹೇಳಿಕೊಳ್ಳುತ್ತವಲ್ಲ, ತನಗೇನು ಕೆಲಸ ಎನ್ನುತ್ತಿದ್ದ.

ಶೆಡ್ಡಿನ ಗೋಡೆಗೆ ಒಂದು ಹಲಗೆ. ಅದರಲ್ಲಿ ಹನ್ನೆರಡು ಮೊಳೆ, ಪ್ರತಿ ಮೊಳೆಗೂ ಒಂದು ನಂಬರು. ಹಲಗೆಯ ಮೇಲೆ ಬಣ್ಣದಲ್ಲಿ ಬರೆದದ್ದು: 'ಕಾರಿನ ಕೀ ಮಾತ್ರ ಕೊಡಿ. ಮನೆ ಕೀ ನಿಮ್ಮ ಹತ್ತಿರವೇ ಇರಲಿ.' ಇದಕ್ಕೊಂದು ಕಾರಣವಿತ್ತು. ಸ್ವಂತ ಶೆಡ್ಡು ಹಾಕಿದ ಮೊದಲ ವರ್ಷ, ರಿಪೇರಿಗೆಂದು ಕಾರು ಬಿಟ್ಟುಹೋಗಿದ್ದ ಗಿರಾಕಿಯೊಬ್ಬರ ಮನೆಯಲ್ಲಿ ಕಳ್ಳತನವಾಗಿತ್ತು. ಮನೆಯ ಕೀ ಕಾರಿನ ಗೊಂಚಲಿನಲ್ಲೇ ಇತ್ತು, ಗೊಂಚಲು ಇವನ ಶೆಡ್ಡಿನಲ್ಲಿತ್ತು. ಠಾಣೆಯ ಬೆಂಚಿನ ಮೇಲೆ ಅರ್ಧ ದಿನ ಕೂರಿಸಿದರು. ಕದ್ದವನು ಗಿರಾಕಿಯ ಷಡ್ಡಕನೇ ಎಂದು ಆಮೇಲೆ ಗೊತ್ತಾಯಿತು, ಎಲ್ಲರೂ 'ತಪ್ಪಾಯ್ತು' ಎಂದರು. ಆದರೆ ಬೆಂಚಿನ ಮೇಲೆ ಕೂತವನು ಇವನು ತಾನೇ? ಅಂದಿನಿಂದ ಯಾರ ಗೊಂಚಲೂ ಅವನ ಕೈಯಲ್ಲಿ ಒಂದು ನಿಮಿಷ ನಿಲ್ಲುತ್ತಿರಲಿಲ್ಲ. ಗಿರಾಕಿ ಬಾಯಿ ತೆಗೆಯುವ ಮೊದಲೇ ಉಗುರು ರಿಂಗಿನೊಳಗೆ ಹೋಗಿ ಕೀ ಬಿಡಿಸಿಬಿಡುತ್ತಿತ್ತು. ಸ್ವಂತ ಅಕ್ಕನಾದರೂ ಅದೇ ನಿಯಮ.

ಇನ್ನು ಅಕ್ಕ. ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು, ಸೂಜಿ ಚುಚ್ಚಿ, ಮಾತ್ರೆ ನುಂಗಿಸಿ ಬರುವ ನರ್ಸ್ ಕೆಲಸ. ದಿನಕ್ಕೆ ಏಳು ಮನೆ, ಒಂದು ಈ ತುದಿಗಾದರೆ ಇನ್ನೊಂದು ಆ ತುದಿಗೆ. ಎದ್ದು ಬಾಗಿಲು ತೆಗೆಯಲಾಗದವರು ಮನೆಯ ಕೀಯನ್ನೇ ಅವಳ ಕೈಗೆ ಕೊಟ್ಟುಬಿಟ್ಟಿದ್ದರು. ಅವಳು ಬರುವುದು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಕೇಳಿಸುತ್ತಿತ್ತು. ಗೊಂಚಲು ಅಷ್ಟು ಗಲಗಲ ಎನ್ನುತ್ತಿತ್ತು.

ಈ ಕಾರಿಗಾಗಿ ಸಿಡುಕ ಮಾಡದ್ದೇನು? ಬ್ಯಾಟರಿಯ ತುದಿಗಳನ್ನು ಉಜ್ಜಿ ಬಿಗಿಮಾಡಿದ. ಬ್ಯಾಟರಿಯನ್ನೇ ಬದಲಾಯಿಸಿದ. ಎಂಜಿನ್ನಿನಿಂದ ಕಾರಿನ ಮೈಗೆ ಹೋಗುವ ದಪ್ಪ ವೈರನ್ನು ಹೊಸದಾಗಿ ಹಾಕಿದ. ಕರೆಂಟು ದಾಟಿಸುವ ರಿಲೇ ಬದಲಾಯಿಸಿದ. ಕೊನೆಗೆ ಎಂಜಿನ್ನನ್ನು ಎಬ್ಬಿಸುವ ಸೆಲ್ಫ್ ಮೋಟಾರನ್ನೇ ಇಳಿಸಿ ಬೇರೆಯದನ್ನು ಕೂರಿಸಿದ. ಪ್ರತಿ ಸಲವೂ ಕಾರು ಸಾಧುಪ್ರಾಣಿಯಂತೆ ಸ್ಟಾರ್ಟ್ ಆಗಿ ಮನೆಗೆ ಹೋಗುತ್ತಿತ್ತು. ವಾರ ಕಳೆಯುವುದರೊಳಗೆ ಯಾವುದೋ ಮನೆಯ ಮುಂದೆ ಅಕ್ಕನನ್ನು ಅಳಿಸುತ್ತಿತ್ತು. ಕೆಟ್ಟರೆ ಪೂರ್ತಿ ಕೆಡಬೇಕು, ಇಲ್ಲವೇ ಸರಿಯಾಗಿರಬೇಕು. ಡಾಕ್ಟರ ಮುಂದೆ ಕೂತ ಕೂಡಲೇ ನೋವು ಹೋಯಿತು ಎನ್ನುವ ರೋಗಿಯನ್ನು ಏನು ಮಾಡುವುದು, ನೀವೇ ಹೇಳಿ.

ಅವಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಕೈಕೊಟ್ಟಾಗಲೆಲ್ಲ ಗಂಟೆ ಎಷ್ಟು, ಎಷ್ಟು ದೂರ ಓಡಿತ್ತು, ಎಲ್ಲ ಬರೆಯಬೇಕು ಎಂದಿದ್ದ. ಅವಳು ಬರೆದಿದ್ದಳು: 'ಹನ್ನೊಂದು ನಲವತ್ತು. ಮೂರನೇ ಮನೆ. ಬಿಸಿಲು. ಬರಲಿಲ್ಲ. ಅಜ್ಜಿಗೆ ಜ್ವರ ಕಮ್ಮಿ.'

"ಅಜ್ಜಿ ಜ್ವರ ಯಾಕೆ ಬರ್ದೆ?" ಎಂದು ಸಿಡುಕ ಹಲ್ಲು ಕಡಿದ.

"ಬರೆಯೋ ಅಭ್ಯಾಸ ಕಣೋ. ಪೆನ್ನು ಹಿಡಿದ್ರೆ ಬಂದ್ಬಿಡುತ್ತೆ."

ಆ ಪುಸ್ತಕದಿಂದ ಒಂದು ವಿಷಯವಂತೂ ತಿಳಿಯಿತು. ಬೆಳಿಗ್ಗೆ ಮನೆಯಿಂದ ಹೊರಡುವಾಗ ಕಾರು ಒಂದು ದಿನವೂ ಕೈಕೊಟ್ಟಿಲ್ಲ. ದಿನಾ ಬೆಳಿಗ್ಗೆ ಭಾವನೇ ಡೂಪ್ಲಿಕೇಟ್ ಕೀ ಹಾಕಿ ಕಾರನ್ನು ಗೇಟಿನಿಂದ ಹೊರಗೆ ತಂದು, ಎಂಜಿನ್ ಓಡುತ್ತಿರುವಂತೆಯೇ ಅಕ್ಕನ ಕೈಗೆ ಕೊಡುತ್ತಿದ್ದರು. ಮೊದಲ ಮನೆಯಲ್ಲಿ ಇಳಿದಾಗ ಅಕ್ಕ ಆ ಕೀಯನ್ನು ಬ್ಯಾಗಿಗೆ ಹಾಕಿ, ಆಮೇಲೆಲ್ಲ ತನ್ನ ಕೀಯನ್ನೇ ಬಳಸುತ್ತಿದ್ದಳು. ತಣ್ಣಗಿದ್ದಾಗ ಸರಿ, ನಾಲ್ಕು ಕಡೆ ನಿಂತು ಬಿಸಿಯಾದ ಮೇಲೆ ಕಾಟ. ಹಾಗಾದರೆ ಇದು ಬಿಸಿಯ ರೋಗವೇ ಎಂದು ಸಿಡುಕ ತೀರ್ಮಾನಿಸಿದ್ದ. ಸೆಲ್ಫ್ ಮೋಟಾರ್ ಬದಲಾದದ್ದು ಅದೇ ತೀರ್ಮಾನದ ಮೇಲೆ. ಕಣ್ಣೆದುರೇ ಇದ್ದದ್ದನ್ನು ಬಿಟ್ಟು ಅವನು ಬಿಸಿಯ ಹಿಂದೆ ಬಿದ್ದ.

ಐದನೆಯ ಸಲ ಬಂದ ಆ ದಿನ ಅಕ್ಕ ಎಂದಿನಂತೆ ಜಗಳ ಮುಂದುವರಿಸಲಿಲ್ಲ. ಟೈರಿನ ರಾಶಿಯ ಮೇಲೆ ಕೂತುಬಿಟ್ಟಳು.

"ಮೇಲಿನ ಮೇಡಂ ಕರೆಸಿದ್ರು ಕಣೋ. ಮೂರು ಸಲ ತಡ ಆಗಿದೆಯಂತೆ. ಇನ್ನೊಂದು ಸಲ ಆದ್ರೆ ಮನೆಮನೆ ಕೆಲಸ ಬಿಡಿಸಿ ಸ್ಟೋರ್ ರೂಮಿಗೆ ಹಾಕ್ತಾರಂತೆ. ಹತ್ತಿ, ಬ್ಯಾಂಡೇಜು ಎಣಿಸ್ಕೊಂಡು ಕೂರ್ಬೇಕಂತೆ."

"ಎಣಿಸು. ನೆರಳಲ್ಲಿ ಕೆಲಸ. ಒಳ್ಳೇದೇ ಅಲ್ವಾ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಕ್ಕನ ಮುಖ ನೋಡಲಾಗಲಿಲ್ಲ.

"ಆರನೇ ಮನೆ ಹೆಡ್‌ಮಾಸ್ಟರು ಒಂದು ಗಂಟೆಗೆ ಸರಿಯಾಗಿ ಬಾಗಿಲ ಕಡೆ ತಿರುಗಿ ಮಲಗ್ತಾರೆ. ಸಕ್ಕರೆ ಕಾಯಿಲೆ. ನಾನು ಹೋಗಿ ಇಂಜೆಕ್ಷನ್ ಕೊಟ್ಟ ಮೇಲೇ ಊಟ. ಒಂದೂ ಹತ್ತಕ್ಕೆ ಮಗಳು ಫೋನ್ ಮಾಡ್ತಾಳೆ. ಆಗ ನಾನು ಬಂದಿಲ್ಲ ಅಂದ್ರೆ ಅವಳು ಆಫೀಸಿಗೆ ಮಾಡ್ತಾಳೆ. ತಪ್ಪೇನಿಲ್ಲ, ತಂದೆ ಅಲ್ವಾ? ಮೊನ್ನೆ ಏನಾಯ್ತು ಗೊತ್ತಾ, ನಾನು ಒಂದೂವರೆಗೆ ಹೋದೆ. ಪಾಪ ಮೇಷ್ಟ್ರು ನನ್ನನ್ನ ಬೈಲಿಲ್ಲ. 'ನನ್ನ ಗಡಿಯಾರ ಮುಂದಿದೆ ಅನ್ಸುತ್ತಮ್ಮ' ಅಂದ್ರು. ಅವರು ಬೈದಿದ್ರೆ ತಡ್ಕೊಳ್ತಿದ್ದೆ."

ಸಿಡುಕ ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೊಮ್ಮೆ ಒರೆಸಿದ.

"ನಾಳೆ ನಾನು ನಿನ್ನ ಜೊತೆ ಬರ್ತೀನಿ. ಏಳೂ ಮನೆಗೆ. ಅದು ಎಲ್ಲಿ ಕೈಕೊಡುತ್ತೋ ಅಲ್ಲೇ ಹಿಡೀತೀನಿ."

"ಶೆಡ್ಡು?"

"ಓಡಿಹೋಗಲ್ಲ."

ಮರುದಿನ ಪಕ್ಕದ ಸೀಟಿನಲ್ಲಿ ಟೆಸ್ಟ್ ಲ್ಯಾಂಪನ್ನು ತೊಡೆಯ ಮೇಲಿಟ್ಟುಕೊಂಡು ಸಿಡುಕ ಕೂತ. ಟೆಸ್ಟ್ ಲ್ಯಾಂಪ್ ಅಂದರೆ ಎರಡು ವೈರಿನ ತುದಿಯ ಒಂದು ಪುಟ್ಟ ಬಲ್ಬು. ಕರೆಂಟು ಬಂದರೆ ಹತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅವನಿಗೆ ಅದರ ಮೇಲೆ ಮನುಷ್ಯರಿಗಿಂತ ಹೆಚ್ಚು ಪ್ರೀತಿ.

ಮೊದಲ ಮನೆ, ಎರಡನೆಯ ಮನೆ, ಮೂರು, ನಾಲ್ಕು. ಕಾರಿಗೆ ಏನೂ ಆಗಲಿಲ್ಲ. "ನೀನಿದ್ದೀಯಲ್ಲ, ಅದಕ್ಕೇ," ಎಂದಳು ಅಕ್ಕ. ಪ್ರತಿ ಸಲ ಕಾರಿನಲ್ಲಿ ಕಾಯುತ್ತಾ ಅವನು ಬೆವರು ಒರೆಸಿಕೊಂಡ, ಬಿಸಿಲನ್ನು ಬೈದ, ಎದುರು ಮನೆಯ ಕಾಂಪೌಂಡಿನಲ್ಲಿ ಆರಹಾಕಿದ್ದ ಬಟ್ಟೆಗಳನ್ನೆಲ್ಲ ಎಣಿಸಿದ. ಇಂಥ ದರಿದ್ರ ದಿನವನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

ಐದನೆಯ ಮನೆಯಿಂದ ಅಕ್ಕ ಹೊರಬಂದಾಗ ಹನ್ನೆರಡೂವರೆ. ಸೀಟಿನಲ್ಲಿ ಕೂತು ಕೀ ತಿರುಗಿಸಿದಳು. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹತ್ತಿದವು. ಅಷ್ಟೇ. ಟಕ್ ಎನ್ನುವ ಸದ್ದು ಕೂಡ ಇಲ್ಲ.

"ಸಿಕ್ಕಿಬಿದ್ದೆಯಾ ಮಗನೇ!" ಎಂದು ಸಿಡುಕ ಕೂಗಿದ. ಅಕ್ಕನ ಜೀವ ಬಾಯಿಗೆ ಬಂದಿದ್ದ ಹೊತ್ತಿನಲ್ಲಿ ಅವನಿಗೆ ಸಂತೋಷವಾಯಿತು ಎಂದರೆ ತಪ್ಪು ತಿಳಿಯಬೇಡಿ. ಮೂರು ತಿಂಗಳು ಕಾದವನ ಸಂತೋಷ ಅದು. ಹಾರಿ ಇಳಿದು ಬಾನೆಟ್ ಎತ್ತಿದ. "ಕೀ ತಿರುಗಿಸಿ ಹಾಗೇ ಹಿಡ್ಕೋ!"

ಬ್ಯಾಟರಿಗೆ ಲ್ಯಾಂಪ್ ಹಿಡಿದ. ಚೆನ್ನಾಗಿ ಹತ್ತಿತು. ಸೆಲ್ಫ್ ಮೋಟಾರಿಗೆ ಕೀ ಕಡೆಯಿಂದ ಬರುವ ಸಣ್ಣ ವೈರಿಗೆ ಹಿಡಿದ. ಹತ್ತಲಿಲ್ಲ. ಅಲ್ಲಿಗೆ ಮೋಟಾರಿನದು ತಪ್ಪಿಲ್ಲ. 'ಏಳು' ಎಂಬ ಆಜ್ಞೆಯೇ ಅದಕ್ಕೆ ತಲುಪುತ್ತಿಲ್ಲ. ಅಂದರೆ ಏನೂ ತಪ್ಪು ಮಾಡದ ಹಳೆಯ ಮೋಟಾರನ್ನು ಬಿಚ್ಚಿ ಎಸೆದದ್ದು ತಾನೇ. ಕಿವಿಯ ತನಕ ಬಿಸಿಯೇರಿತು.

"ಇಳಿ ಅಕ್ಕ. ನಾನು ನೋಡ್ತೀನಿ."

ಅಕ್ಕ ಇಳಿದಳು. ಅವನು ಕೂತ. ಕೈ ತನ್ನ ಪಾಡಿಗೆ ತಾನು ಮಾಡುವ ಕೆಲಸ ಮಾಡಿತು: ಉಗುರು ರಿಂಗಿನೊಳಗೆ ಹೋಯಿತು, ಕೀ ಬಿಟ್ಟಿತು, ಗೊಂಚಲು ಕಿಟಕಿಯಿಂದ ಅಕ್ಕನ ಕೈಗೆ ಹೋಯಿತು. ತಿರುಗಿಸಿದ. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು.

"ನೋಡು! ನೋಡ್ದೆಯಾ?" ಅಕ್ಕನ ಕಣ್ಣು ತುಂಬಿಬಂತು. "ನನ್ನ ಕಂಡ್ರೇ ಆಗಲ್ಲ ಈ ಹಾಳಾದ್ದಕ್ಕೆ!"

"ನೀನು ಸರಿಯಾಗಿ ತಿರುಗಿಸಲ್ಲ ಅಷ್ಟೇ. ಒಂದು ಕೀ ತಿರುಗಿಸೋಕೆ ಬರಲ್ಲ ನಿನಗೆ. ಸುಮ್ನೆ ನನ್ನ ಪ್ರಾಣ ತಿಂದೆ ಮೂರು ತಿಂಗಳು."

"ಏನಂದೆ? ಕಣ್ಣಿಗೆ ಕಾಣದ ನರ ಹುಡುಕಿ ಸೂಜಿ ಚುಚ್ಚೋ ಕೈ ಇದು. ಇದಕ್ಕೆ ಕೀ ತಿರುಗಿಸೋಕೆ ಬರಲ್ವಾ? ಆಫ್ ಮಾಡು. ಆಫ್ ಮಾಡಿ ಇಳಿ, ತೋರಿಸ್ತೀನಿ!"

ತಲೆಯಲ್ಲಿ ಬುದ್ಧಿ ಇದ್ದವರು ಯಾರಾದರೂ, ಒಂದು ಗಂಟೆಗೆ ಇಂಜೆಕ್ಷನ್ ಇರುವಾಗ, ಓಡುತ್ತಿರುವ ಎಂಜಿನ್ ಆಫ್ ಮಾಡುತ್ತಾರೆಯೇ? ಆದರೆ ಇಬ್ಬರೂ ಒಂದೇ ತಾಯಿಯ ಮಕ್ಕಳು, ಹಠವೂ ಒಂದೇ. ಅವನು ಆಫ್ ಮಾಡಿ, ಕೀ ಅವಳ ಕೈಗೆ ಕುಕ್ಕಿ ಇಳಿದ. ಅವಳು ಕೀಯನ್ನು ಗೊಂಚಲಿಗೆ ಸೇರಿಸಿ, ಕೂತು, ತಿರುಗಿಸಿದಳು. ದೀಪ ಹತ್ತಿತು. ಸದ್ದಿಲ್ಲ.

ಹನ್ನೆರಡು ನಲವತ್ತು. ಅಕ್ಕ ಸ್ಟಿಯರಿಂಗಿಗೆ ಹಣೆ ಒತ್ತಿ ಕೂತುಬಿಟ್ಟಳು. "ಹೋಯ್ತು ಬಿಡು," ಎಂದಳು. ಆ ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು. ಕಿಟಕಿಯೊಳಗೆ ಕೈಹಾಕಿ ಕೀ ಹಿಡಿದ. ಉಗುರು ರಿಂಗಿನೊಳಗೆ ಹೋಯಿತು.

ಅಲ್ಲೇ ನಿಂತಿತು.

ಅವನು ಗೊಂಚಲನ್ನು ನೋಡಿದ. ಜೀವಮಾನದಲ್ಲಿ ಮೊದಲ ಸಲ ನೋಡಿದ ಎನ್ನಬೇಕು. ಹಿತ್ತಾಳೆ ಕೀ, ಉಕ್ಕಿನ ಕೀ, ಗೇಣುದ್ದದ ಗೇಟಿನ ಕೀ, ಬೀರುವಿನ ಪುಟಾಣಿ ಕೀ, ರಿಂಗಿಗೆ ಇನ್ನೊಂದು ರಿಂಗು, ಅದಕ್ಕೊಂದು ಟಾರ್ಚು. ಅಷ್ಟೂ ಒಂದೇ ಬಡ ಕೀಗೆ ನೇತುಬಿದ್ದಿತ್ತು.

"ಅಕ್ಕ," ಎಂದ ಮೆಲ್ಲಗೆ. "ಕೈ ತೆಗಿ."

ಗೊಂಚಲು ನೇತಾಡುತ್ತಿರುವಂತೆಯೇ ಕಿಟಕಿಯಿಂದ ಬಗ್ಗಿ ಅವನೇ ತಿರುಗಿಸಿದ. ಸದ್ದಿಲ್ಲ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಕಾರು ಸಿಡುಕನ ಕೈಯಲ್ಲೂ ಕೈಕೊಟ್ಟಿತು. ಎಡಗೈಯಲ್ಲಿ ಗೊಂಚಲನ್ನು ಸ್ವಲ್ಪ ಎತ್ತಿ ಹಿಡಿದು, ಬಲಗೈಯಲ್ಲಿ ಮತ್ತೆ ತಿರುಗಿಸಿದ.

ಕಾರು ಸ್ಟಾರ್ಟ್ ಆಯಿತು.

ಆರನೆಯ ಮನೆಗೆ ಹೋಗುವ ದಾರಿಯಲ್ಲಿ ಅವನು ಅಷ್ಟನ್ನೂ ಹೇಳಿದ. ಕೀ ಹಾಕುವ ಜಾಗದ ಹಿಂದೆ ಒಂದು ಸ್ವಿಚ್ಚಿದೆ, ಅದು ಸವೆದಿದೆ. ಈ ಭಾರ ಕೀಯನ್ನು ಕೆಳಕ್ಕೆ ಜಗ್ಗಿದರೆ, ಪೂರ್ತಿ ತಿರುಗಿದ ಹಾಗೆ ಕಂಡರೂ ಕೊನೆಯ ಕೂದಲೆಳೆಯಷ್ಟು ತಿರುಗುವುದಿಲ್ಲ. ಗೊಂಚಲು ಅಕ್ಕನ ಮೊಣಕಾಲ ಮೇಲೆ ಕೂತಾಗ ಸ್ಟಾರ್ಟ್ ಆಗುತ್ತದೆ, ಜಾರಿ ನೇತುಬಿದ್ದಾಗ ಇಲ್ಲ. ಭಾವನ ಡೂಪ್ಲಿಕೇಟ್ ಕೀಗೆ ಗೊಂಚಲಿಲ್ಲ, ಅದಕ್ಕೇ ಬೆಳಿಗ್ಗೆ ಯಾವಾಗಲೂ ಸರಿ. ಮತ್ತು ಶೆಡ್ಡಿನಲ್ಲಿ...

"ಶೆಡ್ಡಲ್ಲಿ ನೀನು ಬಿಚ್ಚಿಡ್ತೀಯ," ಎಂದಳು ಅಕ್ಕ.

"ಬಿಚ್ಚಿಡ್ತೀನಿ."

ಯಾರೂ ತನ್ನ ಕಡೆ ಬೆರಳು ತೋರಿಸಬಾರದೆಂದು ಮಾಡಿಕೊಂಡ ನಿಯಮ ಅವನ ಕಣ್ಣಿಗೇ ಮಣ್ಣೆರಚಿತ್ತು. ಅದಕ್ಕಿಂತ ಚುಚ್ಚಿದ್ದು ಇನ್ನೊಂದು: ಮೂರು ತಿಂಗಳು ಅಕ್ಕ ಹೇಳಿದ್ದೆಲ್ಲ ನಿಜ, ಅವನು ಒಂದು ದಿನವೂ ಪೂರ್ತಿ ನಂಬಿರಲಿಲ್ಲ. "ತಪ್ಪಾಯ್ತು" ಎನ್ನಲು ಬಾಯಿ ತೆರೆದ. ಬಂದದ್ದು, "ಮುಂದೆ ನೋಡ್ಕೊಂಡು ಓಡ್ಸು."

ಮೇಷ್ಟ್ರ ಮನೆ ಮುಟ್ಟಿದಾಗ ಒಂದು ಗಂಟೆಗೆ ಎರಡು ನಿಮಿಷ ಬಾಕಿ. ಅಕ್ಕ ಬ್ಯಾಗು ಹಿಡಿದು ಓಡಿದಳು. ಕಿಟಕಿಯಿಂದ ಒಂದು ಮುದಿ ದನಿ ಕೇಳಿಸಿತು: "ಇವತ್ತು ನನ್ನ ಗಡಿಯಾರ ಸರಿಯಾಗಿದೆ ನೋಡಮ್ಮ." ಕಾರಿನಲ್ಲಿ ಕೂತಿದ್ದ ಸಿಡುಕ ಮುಖ ಆ ಕಡೆ ತಿರುಗಿಸಿಕೊಂಡ. ಅವನಿಗೆ ಅಳು ಬಂದಿತ್ತು, ಬಂದದ್ದಕ್ಕೆ ಸಿಟ್ಟೂ ಬಂದಿತ್ತು.

ಮರುದಿನ ಸ್ವಿಚ್ ಬದಲಾಯಿಸಿದ ಮೇಲೆ ಅವನು ಗೊಂಚಲನ್ನು ಪಕ್ಕದ ಹಳೆಯ ಪೇಪರಿನ ಅಂಗಡಿಗೆ ಒಯ್ದು ತಕ್ಕಡಿಯ ಮೇಲಿಟ್ಟ. ಅರ್ಧ ಕೆ.ಜಿ.ಗೆ ಸ್ವಲ್ಪವೇ ಕಮ್ಮಿ. "ಎಷ್ಟಕ್ಕೆ ಕೊಡ್ತೀರಿ ಮೇಸ್ತ್ರಿ?" ಎಂದು ಅಂಗಡಿಯವನು ನಕ್ಕ. ಇವನು ನಗಲಿಲ್ಲ. ವಾಪಸು ಬಂದು ಗೊಂಚಲನ್ನು ಅಕ್ಕನ ಮುಂದೆ ಮೇಜಿನ ಮೇಲೆ ಸುರಿದ.

"ಏಳು ಮನೆಗೆ ಇಪ್ಪತ್ಮೂರು ಕೀ ಯಾಕೆ?"

ಅಕ್ಕ ಒಂದೊಂದೇ ಬಿಡಿಸತೊಡಗಿದಳು. "ಈ ಏಳು ಬೇಕು. ಇದು ನಮ್ಮನೇದು, ಇದು ಬೀರೂದು. ಇದು ಟೀಚರಮ್ಮಂದು, ಹೋಗಿ ನಾಲ್ಕು ವರ್ಷ ಆಯ್ತು. ಇದು ಬಡಗಿ ಅಜ್ಜಂದು. ಇದು ಆ ಅವಳಿ ಅಕ್ಕತಂಗಿಯರದ್ದು, ಒಬ್ಬರ ಹಿಂದೆ ಒಬ್ಬರು ಹೋದ್ರಲ್ಲ."

"ಸತ್ತವರ ಮನೆ ಕೀ ಇಟ್ಕೊಂಡು ಏನ್ ಮಾಡ್ತೀಯಾ?"

"ಯಾರಿಗೆ ಕೊಡ್ಲಿ? ಮಕ್ಕಳು ಬೀಗಾನೇ ಬದಲಾಯಿಸಿರ್ತಾರೆ. ನಂಬಿ ಕೊಟ್ಟಿದ್ದು, ಬಿಸಾಡೋಕೆ ಮನಸ್ಸು ಬರಲ್ಲ." ಹದಿಮೂರು ಕೀ ಒಂದು ಡಬ್ಬಿಗೆ ಹೋದವು. ಕೊನೆಗೊಂದು ಉಳಿಯಿತು. ತುದಿ ಸವೆದ, ನೀಲಿ ದಾರ ಕಟ್ಟಿದ ಕೀ. ಅದನ್ನು ಡಬ್ಬಿಗೂ ಹಾಕದೆ, ಗೊಂಚಲಿಗೂ ಹಾಕದೆ ಹಿಡಿದು ಕೂತಳು.

ಸಿಡುಕನಿಗೆ ಆ ದಾರದ ಗುರುತು ಹತ್ತಿತು. ಆರು ವರ್ಷದ ಹಿಂದೆ ಹೆಂಡತಿ ತೀರಿಕೊಂಡಾಗ ಅವನು ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದ. ಪ್ರತಿ ಬೆಳಿಗ್ಗೆ ಈ ಕೀ ತಿರುಗುವ ಸದ್ದು, ಕಿಟಕಿ ತೆರೆಯುವ ಸದ್ದು, ಆಮೇಲೆ ಅಕ್ಕನ ಬೈಗುಳ. ಎದ್ದು ಶೆಡ್ಡಿಗೆ ಬಂದದ್ದು ಆ ಬೈಗುಳದಿಂದಲೇ. ಆದರೆ ಎರಡು ವರ್ಷದ ಹಿಂದೆ ಬೀಗ ಹಿಡಿದುಕೊಂಡಿತೆಂದು ಹೊಸದು ಹಾಕಿಸಿದ್ದ. ಅಕ್ಕನಿಗೆ ಒಂದು ಕೀ ಕೊಡಬೇಕು ಎಂದುಕೊಂಡಿದ್ದ. ಮರೆತಿದ್ದ.

"ಅಕ್ಕ, ಆ ಬೀಗ..."

"ಗೊತ್ತು. ಹೋದ ವರ್ಷ ನಿನಗೆ ಜ್ವರ ಬಂದಿತ್ತಲ್ಲ, ಬಂದಿದ್ದೆ. ಕೀ ಒಳಗೆ ಹೋಗ್ಲಿಲ್ಲ. ಬಾಗಿಲು ತಟ್ಟಿದೆ, ನೀನು ನಿದ್ದೆ ಹೋಗಿದ್ದೆ ಅನ್ಸುತ್ತೆ. ಮಾತ್ರೆ ಕಿಟಕೀಲಿ ಇಟ್ಟು ಹೋದೆ."

ಆ ಮಾತ್ರೆಗಳನ್ನು ಅವನು ನುಂಗಿದ್ದ. ಯಾರು ಇಟ್ಟದ್ದೆಂದು ಯೋಚಿಸಿಯೂ ಇರಲಿಲ್ಲ.

"ಹೇಳ್ಬೇಕಿತ್ತು ತಾನೇ?" ಎಂದು ರೇಗಿದ.

"ಬೇಕಿದ್ರೆ ನೀನೇ ಕೊಡ್ತಿದ್ದೆ ಅಂದ್ಕೊಂಡೆ."

ಸಿಡುಕ ಹಲಗೆಯ ಕಡೆ ಹೋದ. ಹನ್ನೆರಡನೆಯ ಮೊಳೆಗೆ ಅವನದೇ ಮನೆಯ ಎರಡು ಕೀಗಳು ನೇತಾಡುತ್ತಿದ್ದವು. ಒಂದನ್ನು ತೆಗೆದುಕೊಂಡು ಬಂದ. ಯಾವ ಉಗುರು ಇಷ್ಟು ವರ್ಷ ಕೀಗಳನ್ನು ಬಿಡಿಸುತ್ತಾ ಬಂದಿತ್ತೋ ಅದೇ ಉಗುರಿನಲ್ಲಿ ಅಕ್ಕನ ರಿಂಗನ್ನು ಎಬ್ಬಿಸಿ ಕೀಯನ್ನು ಒಳಗೆ ತೂರಿಸಿದ. ಕೀ ಎರಡು ಸಲ ಜಾರಿತು.

"ಭಾರ ಆಗಲ್ವೇನೋ?" ಎಂದಳು ಅಕ್ಕ.

"ಆಗಲ್ಲ. ಸ್ವಿಚ್ಚು ಹೊಸದು," ಎಂದು ಸಿಡುಕಿ, ಅವನು ಬಾನೆಟ್ಟಿನೊಳಗೆ ತಲೆ ತೂರಿಸಿದ. ಅಲ್ಲಿ ಮಾಡಲು ಕೆಲಸವೇನೂ ಉಳಿದಿರಲಿಲ್ಲ.